ಅಣ್ಣ ಸ್ವಾಮಿಯಾಗಿದ್ದ 41 ದಿನ

2025ರ ಜೂನ್ 5ರ ಬೆಳಿಗ್ಗೆ. ನಾನು ಕೆಲಸ ಮಾಡುವ ಲ್ಯಾಬಿಗೆ ಹಿರಿಯರೊಬ್ಬರು ರಕ್ತ ಕೊಡಲು ಬಂದಿದ್ದರು. ಖಾಲಿ ಹೊಟ್ಟೆಯ ಶುಗರ್ ಟೆಸ್ಟ್. ಗೋಡೆಯ ಟಿವಿಯಲ್ಲಿ ಬೆಂಗಳೂರಿನ ಸುದ್ದಿ ಓಡುತ್ತಿತ್ತು. ಹಿಂದಿನ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ, ಆರ್‌ಸಿಬಿ ಕಪ್ ಗೆದ್ದ ಸಂಭ್ರಮದಲ್ಲಿ 11 ಜನ ಸತ್ತಿದ್ದರು. ಹೆಚ್ಚಿನವರು ಸಣ್ಣ ವಯಸ್ಸಿನವರು. ಹಿರಿಯರು ತೋಳು ಮುಂದೆ ಚಾಚಿ ಹೇಳಿದರು: "ಏನ್ ಮಾಡೂದವ್ವಾ. ಅವರ ಹಣ್ಯಾಗ ಅಷ್ಟ ಬರ್ದಿತ್ತು."

ನಾನು ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದೆ. ಏನೂ ಹೇಳಲಿಲ್ಲ. ಅವರು ಒಳ್ಳೆಯ ಮನುಷ್ಯ, ಮರುಕದಿಂದಲೇ ಹೇಳಿದ ಮಾತು. ಆದರೆ ಮಧ್ಯಾಹ್ನದವರೆಗೆ ಅದು ನನ್ನ ತಲೆಯಿಂದ ಹೋಗಲಿಲ್ಲ. ಇದೇ ಮಾತನ್ನು 2018ರಲ್ಲಿ ನಮ್ಮ ಮನೆಯ ಮುಂದಿನ ಶಾಮಿಯಾನದ ಕೆಳಗೆ ಕೇಳಿದ್ದೆ. ಅವತ್ತು ಒಳಗೆ ಮಲಗಿಸಿದ್ದದ್ದು ನಮ್ಮ ಅಣ್ಣನನ್ನು. ಅವನಿಗೆ 41 ವರ್ಷ. ಲಿವರ್ ಹೋಗಿತ್ತು.

ಅವತ್ತು ಇನ್ನೊಂದು ಮಾತನ್ನೂ ಕೇಳಿದ್ದೆ. ಶಾಮಿಯಾನದ ಇನ್ನೊಂದು ಮೂಲೆಯಲ್ಲಿ ಕೂತವರ ಮಾತು. "ಮನಸ್ಸ ಮಾಡಿದ್ರ ಬಿಡತಿದ್ದ. ಮನಸ್ಸ ಮಾಡ್ಲಿಲ್ಲ."

ಈ ಎರಡು ಮಾತು ನನ್ನನ್ನು ಏಳು ವರ್ಷದಿಂದ ಕಾಡುತ್ತಿವೆ. ಒಂದರ ಪ್ರಕಾರ ಅಣ್ಣನ ಕೈಯಲ್ಲಿ ಏನೂ ಇರಲಿಲ್ಲ. ಇನ್ನೊಂದರ ಪ್ರಕಾರ ಎಲ್ಲವೂ ಅವನ ಕೈಯಲ್ಲೇ ಇತ್ತು. ಎರಡೂ ಸುಳ್ಳು ಅಂತ ನನಗೆ ಗೊತ್ತು. ಯಾಕೆ ಸುಳ್ಳು ಅಂತ ಇಲ್ಲಿ ಬರೆದಿಡಬೇಕು ಅನಿಸಿದೆ.

ನಾನು ದೇವರನ್ನು ನಂಬುವುದಿಲ್ಲ. ಯಾವತ್ತಿನಿಂದ ಅಂತ ಹೇಳಲಾರೆ. ಒಂದು ದಿನದಲ್ಲಿ ಆದದ್ದಲ್ಲ, ಅದರಲ್ಲಿ ದೊಡ್ಡ ಕಥೆ ಏನೂ ಇಲ್ಲ. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಡಿಸೆಂಬರ್ 6ಕ್ಕೆ, ಅಂಬೇಡ್ಕರ್ ತೀರಿಕೊಂಡ ದಿನ, ಮೌಢ್ಯದ ವಿರುದ್ಧ ನಡೆಯುವ ಕಾರ್ಯಕ್ರಮಕ್ಕೆ ಒಮ್ಮೆ ಹೋಗಿದ್ದೆ. ಸ್ಮಶಾನದಲ್ಲಿ ಕೂತು ಊಟ ಮಾಡಿದೆ. ಹೆದರಿಕೆ ಆಗಲಿಲ್ಲ. ಬಾಗಲಕೋಟೆಗೆ ವಾಪಸ್ ಬಂದು ಅವ್ವನಿಗೆ ಹೇಳಿದೆ. ಅವಳು "ಸ್ನಾನ ಮಾಡಿ ಒಳಗ ಬಾ" ಅಂದಳು. ಮಾಡಿದೆ. ಅವ್ವನ ಜೊತೆ ನನ್ನ ಬದುಕು ನಡೆಯುವುದು ಹೀಗೆಯೇ.

ಅವ್ವ ಹಣೆಬರಹವನ್ನು ನಂಬುವುದು ಸುಮ್ನೆ ಮಾತಿಗಲ್ಲ. ಅವಳ ಮಟ್ಟಿಗೆ ಅದು ನಿಜವಾದ ಬರವಣಿಗೆ. ನಮ್ಮ ಕಡೆ ಮಗು ಹುಟ್ಟಿದ ಐದನೇ ರಾತ್ರಿ ಶೆಟಿವಿ ತಾಯಿ ಬಂದು ಹಣೆ ಮೇಲೆ ಬರೆದು ಹೋಗುತ್ತಾಳೆ ಅಂತಾರೆ. 2006ರಲ್ಲಿ ಅಣ್ಣನ ಮಗ ಹುಟ್ಟಿದಾಗ ನಾನು ಬಾಣಂತಿ ಕೋಣೆಯಲ್ಲೇ ಮಲಗಿದ್ದೆ. ಅವ್ವ ತೊಟ್ಟಿಲ ಕೆಳಗೆ ಸೆಗಣಿ ಸಾರಿಸಿ ದೀಪ ಇಟ್ಟಳು. ಅರಿಶಿನ ಕುಂಕುಮ ಹಚ್ಚಿದ ಬಿಳಿ ಹಾಳೆ ಇಟ್ಟಳು. ಪಕ್ಕದಲ್ಲಿ ಪೆನ್ನು ಇಟ್ಟಳು, ನೀಲಿ ಬಣ್ಣದ ರೆನಾಲ್ಡ್ಸ್. ಮುಚ್ಚಳ ತೆಗೆದೇ ಇಟ್ಟಳು, ತಾಯಿಗೆ ತೊಂದರೆ ಆಗಬಾರದು ಅಂತ. ದೀಪ ಆರದ ಹಾಗೆ ರಾತ್ರಿ ಎರಡು ಸಲ ಎದ್ದು ಎಣ್ಣೆ ಹಾಕಿದಳು. ಬೆಳಿಗ್ಗೆ ಹಾಳೆ ಇದ್ದ ಹಾಗೇ ಇತ್ತು. ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ ಅಂದಳು.

ಅವ್ವ ಆ ರಾತ್ರಿ ಮಗುವಿಗಾಗಿ ಪಟ್ಟ ಕಾಳಜಿಯನ್ನು ನಾನು ಎಷ್ಟು ನಂಬುತ್ತೇನೋ, ಆ ಹಾಳೆಯ ಮೇಲೆ ಯಾರೂ ಬರೆಯಲಿಲ್ಲ ಅನ್ನುವುದನ್ನೂ ಅಷ್ಟೇ ನಂಬುತ್ತೇನೆ.

ಅಣ್ಣನ ಬದುಕನ್ನು ನಿಜಕ್ಕೂ ಬರೆದವರು ಯಾರಾದರೂ ಇದ್ದರೆ ಅವರು ಬರೆದದ್ದು ಅಂಕಿಯಲ್ಲಿ. 519.6. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ, ಮೀಟರ್ ಲೆಕ್ಕದಲ್ಲಿ. ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿ ಹಾಕಿದ್ದು. ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಅಂತ ರಾಜ್ಯ ರಾಜ್ಯಗಳ ನಡುವೆ ಜಗಳ ನಡೆದು, 2000ದಲ್ಲಿ ಸುಪ್ರೀಂ ಕೋರ್ಟ್ ಈ ಅಂಕಿ ಹೇಳಿತು. ನಮ್ಮ ಮನೆ ಇದ್ದದ್ದು ಹಳೆ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿ. ಅಪ್ಪನ ಕಿರಾಣಿ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅಣ್ಣ ಹತ್ತನೇ ಕ್ಲಾಸಿನಿಂದಲೇ ಗಲ್ಲೆ ಮೇಲೆ ಕೂತವನು. ಓಣಿಯ ಯಾವ ಮನೆಗೆ ತಿಂಗಳಿಗೆ ಎಷ್ಟು ಬೆಲ್ಲ ಹೋಗುತ್ತದೆ ಅಂತ ಅವನಿಗೆ ಬಾಯಿಪಾಠ.

ಹಿನ್ನೀರು ಬರುತ್ತದೆ ಅಂತ ಓಣಿ ಖಾಲಿ ಆಯಿತು. ನಾವು ನವನಗರಕ್ಕೆ ಬಂದೆವು. ಇಲ್ಲಿ ಓಣಿಗಳಿಲ್ಲ, ಸೆಕ್ಟರ್‌ಗಳು. ರಸ್ತೆ ಅಗಲ. ಅಕ್ಕಪಕ್ಕದವರು ಹೊಸಬರು. ಹಳೆ ಗಿರಾಕಿಗಳು ಬೇರೆ ಬೇರೆ ಸೆಕ್ಟರ್‌ಗೆ ಚದುರಿದರು. ಅಪ್ಪ ಮತ್ತೆ ಅಂಗಡಿ ಇಟ್ಟರು, ನಡೆಯಲಿಲ್ಲ. ಅಣ್ಣನಿಗೆ ಆಗ 24. ಕೈಯಲ್ಲಿ ಪರಿಹಾರದ ದುಡ್ಡು, ಮಾಡಲು ಕೆಲಸ ಇಲ್ಲ, ಸಂಜೆ ಜೊತೆಗೆ ಅದೇ ಸ್ಥಿತಿಯ ನಾಲ್ಕು ಗೆಳೆಯರು. ಕುಡಿತ ಶುರುವಾದದ್ದು ಅಲ್ಲಿಂದ. ನಮ್ಮ ಅಜ್ಜನೂ, ಅಂದರೆ ಅಪ್ಪನ ಅಪ್ಪ, ಕುಡಿದೇ ಸತ್ತವರು. ಅವಳಿ ಮಕ್ಕಳನ್ನು, ದತ್ತು ಹೋದ ಮಕ್ಕಳನ್ನು ನೋಡಿ ವಿಜ್ಞಾನಿಗಳು ಹಾಕಿರುವ ಅಂದಾಜಿನಲ್ಲಿ ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ರಕ್ತದಿಂದ ಬರುತ್ತದೆ. ಇನ್ನರ್ಧ ಸುತ್ತಲಿನದು. ಅಣ್ಣನಿಗೆ ಎರಡೂ ಸಿಕ್ಕಿದ್ದವು.

ಮದುವೆಯಾದರೆ ಸರಿಹೋಗುತ್ತಾನೆ ಅಂತ ಮದುವೆ ಮಾಡಿದರು. ಜಾತಕ ತೋರಿಸಿದರು. 36ರಲ್ಲಿ 28 ಗುಣ ಕೂಡಿದವು, ಬಹಳ ಒಳ್ಳೆಯ ಜೋಡಿ ಅಂದರು. ನಮ್ಮದು ಲಿಂಗಾಯತರ ಮನೆ. ಲಗ್ನ, ರಾಶಿ ಕೇಳಲು ಬಂದವರಿಗೆ ಎಲ್ಲವೂ ಶುಭ ಅಂತ ಹೇಳಿಬಿಡಿ ಅಂತ ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ್ದಾರೆ. ಅವರ ಐಕ್ಯಸ್ಥಳ ಕೂಡಲಸಂಗಮ ನಮ್ಮದೇ ಜಿಲ್ಲೆಯಲ್ಲಿದೆ. ಆದರೂ ಜಾತಕ ತೋರಿಸಿದರು. ಆ 28 ಗುಣಗಳನ್ನು ನಂಬಿ ಬಂದ ವೈನಿ ಇವತ್ತು ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ.

ಈಗ ಆ 41 ದಿನದ ಮಾತಿಗೆ ಬರುತ್ತೇನೆ.

2011ರ ಡಿಸೆಂಬರ್ ಮೊದಲ ವಾರ ಅಣ್ಣ ಅಯ್ಯಪ್ಪ ಮಾಲೆ ಹಾಕಿದ. ಗೆಳೆಯನೊಬ್ಬ ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ಯಾರೂ ನಂಬಿರಲಿಲ್ಲ. ನಾಲ್ಕು ದಿನ ಅಂದರು, ವಾರ ಅಂದರು. ಅವನು ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಣ್ಣೀರು ಸ್ನಾನ ಮಾಡುತ್ತಿದ್ದ. ಡಿಸೆಂಬರ್ ಚಳಿ, ಹಿನ್ನೀರಿನ ಕಡೆಯಿಂದ ಬೀಸುವ ಗಾಳಿ. ಕರಿ ಪಂಚೆ, ಬರಿಗಾಲು. ಕಾಲಿನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು, ಅವ್ವ ಕೊಬ್ಬರಿ ಎಣ್ಣೆಗೆ ಮೇಣ ಕಾಯಿಸಿ ಹಚ್ಚುತ್ತಿದ್ದಳು. ಸಂಜೆ ಆರಾದರೆ ಗುರುಸ್ವಾಮಿಯ ಮನೆ ಹಿಂದಿನ ತಗಡಿನ ಶೆಡ್‌ನಲ್ಲಿ ಭಜನೆ. ಅಲ್ಲೇ ಊಟ. ರಾತ್ರಿ ಚಾಪೆ ಮೇಲೆ, 18 ಜನ ಸಾಲಾಗಿ.

ನಾನು ಮರೆಯದ ವಿಷಯ ಬೇರೆಯೇ. ಎಲ್ಲರೂ ಅವನನ್ನು "ಸ್ವಾಮಿ" ಅಂತ ಕರೆಯುತ್ತಿದ್ದರು. ಮಾಲೆ ಹಾಕಿದವರನ್ನು ಹೆಸರು ಹಿಡಿದು ಕರೆಯುವಂತಿಲ್ಲ ಅಲ್ವಾ. ಅವನ ಬೆನ್ನ ಹಿಂದೆ ಕುಡುಕ ಅನ್ನುತ್ತಿದ್ದ ಅಂಗಡಿಯವ "ಬರ್ರಿ ಸ್ವಾಮಿ, ಕುಂದರ್ರಿ" ಅನ್ನುತ್ತಿದ್ದ. ಅವ್ವ "ಸ್ವಾಮಿ, ಊಟ ಆಯ್ತೇನ್ರಿ?" ಅಂತ ಮಗನಿಗೆ ಬಹುವಚನದಲ್ಲಿ ಕೇಳುತ್ತಿದ್ದಳು. ಐದು ವರ್ಷದ ಮಗ ಕೂಡ "ಸ್ವಾಮಿ" ಅಂತಲೇ ಕೂಗುತ್ತಿದ್ದ. ಆಗ ಅಣ್ಣ ನಗುತ್ತಿದ್ದ. ಆ ನಗುವನ್ನು ನಾನು ಹಳೆ ಓಣಿಯ ಅಂಗಡಿ ಬಿಟ್ಟ ಮೇಲೆ ನೋಡಿಯೇ ಇರಲಿಲ್ಲ.

41 ದಿನ ಒಂದು ಹನಿ ಮುಟ್ಟಲಿಲ್ಲ.

ಒಂದು ಸಂಜೆ ನಾನು ಅವನ ಜೊತೆ ವಾದಕ್ಕೆ ಇಳಿದೆ. ಅದೇ ವರ್ಷದ ಜನವರಿ 14ರಂದು, ಶಬರಿಮಲೆಯ ಮಕರಜ್ಯೋತಿ ನೋಡಿ ವಾಪಸ್ ಬರುವಾಗ ಪುಲ್ಲುಮೇಡು ಅನ್ನುವ ಕಡೆ ನೂಕುನುಗ್ಗಲಾಗಿ 100ಕ್ಕೂ ಹೆಚ್ಚು ಜನ ಸತ್ತಿದ್ದರು. ಆಮೇಲೆ ಕೇರಳ ಹೈಕೋರ್ಟ್ ಕೇಳಿದಾಗ, ಪೊನ್ನಂಬಲಮೇಡು ಬೆಟ್ಟದ ಮೇಲಿನ ಆ ಬೆಳಕನ್ನು ಹಚ್ಚುವುದು ಮನುಷ್ಯರೇ ಅಂತ ಗುಡಿ ನಡೆಸುವ ದೇವಸ್ವಂ ಮಂಡಳಿ ಒಪ್ಪಿಕೊಂಡಿತ್ತು. ಇದನ್ನೆಲ್ಲ ಅವನಿಗೆ ಹೇಳಿದೆ. ಅಷ್ಟು ದೂರ, ಅಂಥ ಗದ್ದಲದಲ್ಲಿ, ಯಾರೋ ಹಚ್ಚಿದ ಕರ್ಪೂರ ನೋಡಲು ಯಾಕೆ ಹೋಗಬೇಕು ಅಂದೆ.

ಅವನು ಸಿಟ್ಟಾಗಲಿಲ್ಲ. "ಹಚ್ಚಲಿ ಬಿಡ ತಂಗೀ. ನಮ್ಮ ಮನ್ಯಾಗ ದೀಪ ಅವ್ವನ ಹಚ್ಚತಾಳ. ಅದನ್ನೇನ್ ಸುಳ್ಳ ಅಂತೀಯೇನು?" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅವ್ವ ತನ್ನ ದೀಪವನ್ನು ತಾನೇ ಹಚ್ಚಿದ್ದು ಅಂತಲೇ ಹೇಳುತ್ತಾಳೆ, ಬೆಟ್ಟದ ದೀಪದ ಬಗ್ಗೆ ಬಹಳ ವರ್ಷ ಹಾಗೆ ಹೇಳಲಿಲ್ಲ. ವ್ಯತ್ಯಾಸ ಅಲ್ಲಿದೆ ಅಂತ ನನಗೆ ಅನಿಸುತ್ತದೆ. ಅವನಿಗೆ ಆ ವ್ಯತ್ಯಾಸ ದೊಡ್ಡದಾಗಿ ಕಾಣಲಿಲ್ಲ.

ಸಂಕ್ರಾಂತಿಗೆ ಕ್ರೂಸರ್ ಗಾಡಿಯಲ್ಲಿ ಹೋದರು. ಇರುಮುಡಿ ತಲೆ ಮೇಲೆ ಹೊತ್ತು ಹೋದವನು ಅರವಣ ಪಾಯಸದ ಡಬ್ಬಿ ಹಿಡಿದು ಬಂದ. ಮಾಲೆ ತೆಗೆದ. ಮರುದಿನ ಬೆಳಿಗ್ಗೆ ಅವ್ವ ಅವನನ್ನು ಹೆಸರು ಹಿಡಿದು ಕೂಗಿದಳು. ಆರನೇ ದಿನಕ್ಕೆ ಕುಡಿದು ಬಂದ.

"ಮನಸ್ಸ ಮಾಡಿದ್ರ ಬಿಡತಿದ್ದ" ಅನ್ನುವವರು ಈ 41 ದಿನವನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ನೋಡು, ಆಗ ಬಿಟ್ಟಿದ್ದ, ಅಂದರೆ ಮನಸ್ಸು ಮಾಡಿದರೆ ಆಗುತ್ತಿತ್ತು ಅಂತ. ದೇವರನ್ನು ನಂಬುವವರು ಅಯ್ಯಪ್ಪ ಕಾಯ್ದ ಅನ್ನುತ್ತಾರೆ. ನಾನು ಆ ದಿನಗಳನ್ನು ಮತ್ತೆ ಮತ್ತೆ ತಿರುವಿ ಹಾಕಿದ್ದೇನೆ. ಡಿಸೆಂಬರ್‌ನಲ್ಲೂ ಜನವರಿಯಲ್ಲೂ ಇದ್ದದ್ದು ಒಬ್ಬನೇ ಅಣ್ಣ, ಅದೇ ಮನಸ್ಸು. ಬದಲಾದದ್ದು ಅವನ ಸಂಜೆ ಆರು ಗಂಟೆ. ಬದಲಾದದ್ದು ಜೊತೆಗೆ ಕೂರುವ 18 ಜನ, ನಡೆದು ಹೋಗುವ ದಾರಿ, ಊರು ಕರೆಯುವ ಹೆಸರು. ಮಾಲೆ ಹಾಕಿದವನಿಗೆ ಬಾರ್‌ನವನೂ ಕೊಡುವುದಿಲ್ಲ. ಇವೆಲ್ಲ ಸೇರಿ ಅವನನ್ನು ಹಿಡಿದಿದ್ದವು. ಮಾಲೆ ತೆಗೆದ ದಿನ ಎಲ್ಲವೂ ಒಟ್ಟಿಗೆ ಕೈಬಿಟ್ಟವು. ನಾವೂ ಬಿಟ್ಟೆವು. 42ನೇ ದಿನದ ಸಂಜೆ ಆರಕ್ಕೆ ಅವನು ಎಲ್ಲಿಗೆ ಹೋಗಬೇಕು ಅಂತ ನಮ್ಮ ಮನೆಯಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ನಾಸ್ತಿಕಳಾದ ನಾನು ಇದನ್ನು ಒಪ್ಪಿಕೊಳ್ಳಲೇಬೇಕು. ಆ ತಗಡಿನ ಶೆಡ್ ಅಣ್ಣನಿಗೆ ಕೊಟ್ಟದ್ದನ್ನು ನಾನು ಕೊಟ್ಟಿರಲಿಲ್ಲ. ನಾನು ಕೊಟ್ಟದ್ದು ಬುದ್ಧಿಮಾತು.

ನಮ್ಮ ಸಿನಿಮಾಗಳ ಮೇಲೆ ನನಗೆ ಸಿಟ್ಟಿರುವುದು ಇದೇ ಕಾರಣಕ್ಕೆ. ನಾವು ಬೆಳೆದದ್ದೇ ಸಿನಿಮಾ ನೋಡಿ. ಅಲ್ಲಿ ಹೀರೋ ಕುಡಿಯುವುದಕ್ಕೆ ಒಂದೇ ಕಾರಣ, ಹುಡುಗಿ ಕೈಕೊಟ್ಟಳು. ಬಿಡುವುದಕ್ಕೂ ಒಂದೇ ಕ್ಷಣ. ತಾಯಿ ಕಪಾಳಕ್ಕೆ ಹೊಡೆಯುತ್ತಾಳೆ, ಬಾಟಲಿ ಗೋಡೆಗೆ ಬಡಿದು ಒಡೆಯುತ್ತದೆ, ಸಂಗೀತ ಏರುತ್ತದೆ. ಮುಂದಿನ ದೃಶ್ಯದಲ್ಲಿ ಗಡ್ಡ ಬೋಳಿಸಿಕೊಂಡು ಬಂದಿರುತ್ತಾನೆ. ನಡುವಿನ ಮೂರು ದಿನ ಯಾವ ಸಿನಿಮಾದಲ್ಲೂ ನಾನು ನೋಡಿಲ್ಲ. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳಲ್ಲಿ ಕುಡುಕನ ಪಾತ್ರ ಇಲ್ಲದ ನಾಟಕ ಕಡಿಮೆ. ಅವನು ತೂರಾಡುತ್ತಾ ಬಂದರೆ ಟೆಂಟ್ ತುಂಬ ನಗು. ಅಣ್ಣನೂ ನಮ್ಮ ಜೊತೆ ಕೂತು ನಕ್ಕಿದ್ದಾನೆ. ಪಕ್ಕದಲ್ಲಿ ವೈನಿ ನಗುತ್ತಿರಲಿಲ್ಲ.

ಆ ಮೂರು ದಿನ ಹೇಗಿರುತ್ತವೆ ಅಂತ ನಾವು ಕಂಡದ್ದು 2016ರಲ್ಲಿ. ಮೇ 29, ಭಾನುವಾರ. ಐಪಿಎಲ್ ಫೈನಲ್. ಆರ್‌ಸಿಬಿ 8 ರನ್ನಿನಿಂದ ಸೋತಿತು. ಅಣ್ಣ ಮೊದಲ ವರ್ಷದಿಂದ ಆರ್‌ಸಿಬಿ ಅಭಿಮಾನಿ. ಆ ರಾತ್ರಿ ಬಹಳ ಕುಡಿದ, ಮನೆಯಲ್ಲಿ ಜಗಳವಾಯಿತು, ಮಗ ಹೆದರಿ ಅತ್ತ. ಸೋಮವಾರ ಬೆಳಿಗ್ಗೆ ಅಣ್ಣ ಮಗನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ. ಇದ್ದ ಟೆಟ್ರಾ ಪ್ಯಾಕ್‌ಗಳನ್ನೆಲ್ಲ ಬಚ್ಚಲಿಗೆ ಸುರಿದ. ಸಿನಿಮಾದ ಹಾಗೇ. ನಿಜವಾಗಿ ಮನಸ್ಸು ಮಾಡಿದ್ದ.

ಮಂಗಳವಾರ ಕೈ ನಡುಗಲು ಶುರುವಾಯಿತು. ಚಹಾದ ಬಸಿ ಹಿಡಿಯಲು ಆಗುತ್ತಿರಲಿಲ್ಲ. ಮೈಯೆಲ್ಲ ಬೆವರು. ಬುಧವಾರ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹರಿಯುತ್ತಿವೆ ಅಂತ ಒರೆಸತೊಡಗಿದ. ಸತ್ತುಹೋದ ಅಪ್ಪ ಬಾಗಿಲಲ್ಲಿ ನಿಂತು ಅಂಗಡಿ ಕೀಲಿ ಕೇಳುತ್ತಿದ್ದಾರೆ ಅಂದ. ಕೀಲಿ ಹುಡುಕಲು ಹಾಸಿಗೆ ಹರಿದ. ಓಣಿಯವರು ಸೇರಿದರು. ಗಾಳಿ ಬಡಿದಿದೆ ಅಂದರು. ದೇವರು ಹೇಳುವವರೊಬ್ಬರ ಹತ್ತಿರ ಒಯ್ದರು. ಕೈಕಾಲು ಕಟ್ಟಿ, ನಿಂಬೆಹಣ್ಣು ಇಳಿಸಿ, ಬೇವಿನ ಬರಲಿನಿಂದ ಹೊಡೆದರು. ಅಲ್ಲೇ ಅವನಿಗೆ ಫಿಟ್ಸ್ ಬಂತು.

ನಾನು ಆಗ ಇಳಕಲ್‌ನಲ್ಲಿ ಗಂಡನ ಮನೆಯಲ್ಲಿದ್ದೆ. ಫೋನ್ ಬಂದದ್ದು ಗುರುವಾರ ಬೆಳಗಿನ ಜಾವ. ಅವನಿಗೆ ಬಂದಿದ್ದದ್ದು ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರು ದಿನಕ್ಕೆ ಬರುವ ಸನ್ನಿ. ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಮದ್ಯ ಮಿದುಳಿಗೆ ಬ್ರೇಕ್ ಇದ್ದ ಹಾಗೆ. ದಿನಾ ಬ್ರೇಕ್ ಒತ್ತಿದರೆ ಗಾಡಿ ಓಡಿಸಲು ಮಿದುಳು ಆಕ್ಸಿಲರೇಟರ್ ಜಾಸ್ತಿ ತುಳಿಯುವುದನ್ನು ಕಲಿಯುತ್ತದೆ. ಬ್ರೇಕ್ ಒಮ್ಮೆಲೇ ತೆಗೆದರೆ ಗಾಡಿ ಹುಚ್ಚಾಪಟ್ಟೆ ಓಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಮಿದುಳನ್ನು ಶಾಂತ ಮಾಡುವ ಇಂಜೆಕ್ಷನ್, ಬಿ1 ವಿಟಮಿನ್, ಸಲೈನ್, ಕಾಯುವ ನರ್ಸ್. ಅಣ್ಣ ಆ ಸಲ ಉಳಿದ. ಆದರೆ ಆಣೆ ಮಾಡಿ ಬಿಟ್ಟರೆ ದೆವ್ವ ಬರುತ್ತದೆ ಅಂತ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮತ್ತೆ ಬಿಡಲು ಹೆದರಿದ.

ದೆವ್ವ ಬಿಡಿಸುವ ಹೆಸರಿನಲ್ಲಿ ಹೀಗೆ ಕಟ್ಟಿ ಹೊಡೆಯುವುದು ಈಗ ನಮ್ಮ ರಾಜ್ಯದಲ್ಲಿ ಅಪರಾಧ. 2017ರ ಕಾಯ್ದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸಲು ಚಿಕಿತ್ಸೆ ಇದೆ. ಕುಡಿಯುವ ಆಸೆ ತಗ್ಗಿಸುವ ಮಾತ್ರೆಗಳಿವೆ. ಮನೆಯಲ್ಲಿ ದಿನಾ ಕುಡಿಯುವವರು ಇದ್ದು, ನಾಳೆಯಿಂದ ಬಿಡುತ್ತೇನೆ ಅಂದರೆ, ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇದೊಂದು ಮಾತಿಗಾಗಿಯಾದರೂ ಇಷ್ಟು ಬರೆದದ್ದು ಸಾರ್ಥಕ.

ಕೊನೆಯ ವರ್ಷ ಅವನ ರಕ್ತ ನಾನೇ ತೆಗೆದೆ. ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪು ಕಣ ಕೆಳಗೆ ಕೂತು ಮೇಲೆ ತಿಳಿಯಾದ ಸೀರಂ ನಿಲ್ಲುತ್ತದೆ. ಆರೋಗ್ಯವಂತರದು ತೆಳು ಹುಲ್ಲಿನ ಬಣ್ಣ. ಅಣ್ಣನದು ಕುಸುಬಿ ಎಣ್ಣೆಯ ಬಣ್ಣ ಇತ್ತು. ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಹಳದಿ ಅಂಶ, ಬಿಲಿರುಬಿನ್, 9.4. ಒಂದರ ಆಸುಪಾಸು ಇರಬೇಕಾದದ್ದು. ಆ ಟ್ಯೂಬ್ ಬೆಳಕಿಗೆ ಹಿಡಿದು ನಿಂತಿದ್ದೆ. ಅದರೊಳಗೆ ಬರಹವೂ ಇರಲಿಲ್ಲ, ತಪ್ಪೂ ಇರಲಿಲ್ಲ. ಹದಿನೇಳು ವರ್ಷದ ಸಂಜೆಗಳಿದ್ದವು.

ಅವನು ಹೋದ ಮೇಲೆ ನಾನು ಮನುಷ್ಯನ ಇಚ್ಛೆ ಅನ್ನುವುದರ ಬಗ್ಗೆ ಓದಲು ಶುರು ಮಾಡಿದೆ. ಬೆಂಜಮಿನ್ ಲಿಬೆಟ್ ಅನ್ನುವ ಅಮೆರಿಕದ ವಿಜ್ಞಾನಿ 1983ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಜನಕ್ಕೆ ಗೊತ್ತಿರಬಹುದು. ಜನರನ್ನು ಒಂದು ಗಡಿಯಾರದ ಮುಂದೆ ಕೂರಿಸಿದರು. ಅದರಲ್ಲಿ ಒಂದು ಚುಕ್ಕೆ 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತದೆ. ನಿಮಗೆ ಅನಿಸಿದಾಗ ಮಣಿಕಟ್ಟು ಅಲ್ಲಾಡಿಸಿ, ಆದರೆ ಅಲ್ಲಾಡಿಸಬೇಕು ಅಂತ ಮನಸ್ಸಿಗೆ ಬಂದ ಕ್ಷಣ ಚುಕ್ಕೆ ಎಲ್ಲಿತ್ತು ಅಂತ ಹೇಳಿ ಅಂದರು. ತಲೆಗೆ ತಂತಿ ಹಚ್ಚಿ ಮಿದುಳಿನ ಅಲೆಯನ್ನೂ ಅಳೆದರು. ಕೈ ಅಲ್ಲಾಡುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿತ್ತು. ಜನರಿಗೆ ಮನಸ್ಸು ಬಂದದ್ದು ಸುಮಾರು 0.2 ಸೆಕೆಂಡ್ ಮೊದಲು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾದರೆ ಅವ್ವ ಹೇಳಿದ್ದೇ ನಿಜವೇ? ಎಲ್ಲ ಮೊದಲೇ ಬರೆದಿದೆಯೇ? ಆಮೇಲೆ ಮುಂದೆ ಓದಿದೆ. 2012ರಲ್ಲಿ ಆರನ್ ಶರ್ಗರ್ ಮತ್ತು ಅವರ ಜೊತೆಗಾರರು ಬೇರೆ ವಿವರಣೆ ಕೊಟ್ಟರು. ಆ ಅಲೆ ಮೊದಲೇ ಆದ ತೀರ್ಮಾನ ಅಂತ ಹೇಳಲಾಗದು, ಮಿದುಳಿನಲ್ಲಿ ಸದಾ ಇರುವ ಏರಿಳಿತ ಒಂದು ಮಟ್ಟ ಮುಟ್ಟುವುದನ್ನೇ ನಾವು ಹಾಗೆ ನೋಡುತ್ತಿರಬಹುದು ಅಂತ. ವಾದ ಇನ್ನೂ ನಡೆದಿದೆ. ನಡೆಯಲಿ. ಒಂದು ಸಲ ಮಣಿಕಟ್ಟು ಅಲ್ಲಾಡಿಸುವುದಕ್ಕೂ ಹದಿನೇಳು ವರ್ಷ ಕುಡಿಯುವುದಕ್ಕೂ ಬಹಳ ದೂರ ಇದೆ.

ನನ್ನ ತಿಳಿವಳಿಕೆ ಇಷ್ಟು. ಅಣ್ಣ ಮಾಡಿದ ಪ್ರತಿಯೊಂದಕ್ಕೂ ಕಾರಣಗಳಿದ್ದವು. ಕಾರಣ ಇದೆ ಅನ್ನುವುದೂ ಮೊದಲೇ ಬರೆದಿದೆ ಅನ್ನುವುದೂ ಒಂದೇ ಅಂತ ನನಗೆ ಮೊದಲು ಅನಿಸಿತ್ತು, ಈಗ ಅನಿಸುವುದಿಲ್ಲ. ಬರೆದದ್ದನ್ನು ಯಾರೂ ತಿದ್ದಲಾಗದು. ಕಾರಣಕ್ಕೆ ಕೈ ಹಾಕಬಹುದು. ಸಂಜೆ ಆರರ ಶೆಡ್ ಒಂದು ಕಾರಣ. ಬಿ1 ವಿಟಮಿನ್ ಒಂದು ಕಾರಣ. ಕಿರಾಣಿ ಅಂಗಡಿಯಲ್ಲೂ ಸಿಗುವ 90 ಎಂಎಲ್ ಮದ್ಯದ ಪ್ಯಾಕೆಟ್ ಒಂದು ಕಾರಣ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಅವ್ವ ಗುಡಿಗೆ ಹೋಗಿ ಕಾಯಿ ಒಡೆಸಿದ್ದಳು, ಆ ಜಾಗಕ್ಕೆ ಈ ಪ್ಯಾಕೆಟ್ ಬಂತು. 2019ರ ಜನವರಿಯಲ್ಲಿ ಹಳ್ಳಿ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರಲ್ಲ, ಅವರಲ್ಲಿ ಎಷ್ಟೋ ಜನ ದೇವರನ್ನು ನಂಬುವವರೇ. ಆದರೆ ಅವರು ಹಣೆಬರಹ ಅಂತ ಮನೆಯಲ್ಲಿ ಕೂರಲಿಲ್ಲ. ಅವರ ಬಗ್ಗೆ ನನಗೆ ಬಹಳ ಗೌರವ.

ಮತ್ತೆ ಆ ಜೂನ್‌ಗೆ ಬರುತ್ತೇನೆ. 3ನೇ ತಾರೀಖು ರಾತ್ರಿ ಆರ್‌ಸಿಬಿ 6 ರನ್ನಿನಿಂದ ಗೆದ್ದಾಗ ನವನಗರದಲ್ಲಿ ಪಟಾಕಿ ಹಾರಿದವು. ಅಣ್ಣ ಇರಬೇಕಿತ್ತು ಅಂತ ನಾನೂ ವೈನಿಯೂ ಅತ್ತೆವು. ಅಣ್ಣನ ಮಗ ಮೊಬೈಲ್ ಹಿಡಿದು ಬಂದ. "ಅತ್ತಿ, ನೋಡಿಲ್ಲೆ. 18ನೇ ಸೀಸನ್. ಕೊಹ್ಲಿ ಜರ್ಸಿ 18. ಇವತ್ತಿನ ತಾರೀಖ ಕೂಡ್ಸು. 3, 6, 2025. ಅದೂ 18!" ಅವನ ಮುಖ ನೋಡಿ ಆ ರಾತ್ರಿ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೂರಿಸಿಕೊಂಡು ಹೇಳಿದೆ. ಫೈನಲ್ ಮೊದಲು ಗೊತ್ತಾಗಿದ್ದದ್ದು ಮೇ 25ಕ್ಕೆ. ಗಡಿಯಲ್ಲಿ ಗಲಾಟೆಯಾಗಿ ಒಂದು ವಾರ ಪಂದ್ಯಗಳು ನಿಂತು, ತಾರೀಖು ಮುಂದೆ ಹೋಯಿತು. ಮೇ 25 ಕೂಡಿಸು ಅಂದೆ. 21 ಬಂತು. ಅವತ್ತೇ ಗೆದ್ದಿದ್ದರೆ ಜನ ಬೇರೆ ಏನನ್ನೋ ಕೂಡಿಸುತ್ತಿದ್ದರು. ಸೋತ 2009, 2011, 2016ರ ಫೈನಲ್‌ಗಳ ತಾರೀಖನ್ನು ಯಾರೂ ಕೂಡಿಸಲಿಲ್ಲ. ಆದ ಮೇಲೆ ಹುಡುಕಿದರೆ ಎಲ್ಲ ಕಡೆಯೂ ಬರಹ ಕಾಣುತ್ತದೆ.

ಅವತ್ತೇ ಸಂಜೆ ಆ 11 ಸಾವು. ಇಕ್ಕಟ್ಟಿನಲ್ಲಿ ಸಾಯುವವರು ಹೆಚ್ಚಾಗಿ ತುಳಿತಕ್ಕೆ ಸಾಯುವುದಿಲ್ಲ, ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ಎದೆ ಹಿಗ್ಗಲು ಜಾಗ ಇರುವುದಿಲ್ಲ. ಒಂದು ಚದರ ಮೀಟರಿನಲ್ಲಿ ಐದಾರು ಜನ ದಾಟಿದರೆ ಅಪಾಯ ಅಂತ ಗುಂಪುಗಳನ್ನು ಅಧ್ಯಯನ ಮಾಡಿದವರು ಬಹಳ ಹಿಂದೆಯೇ ಹೇಳಿದ್ದಾರೆ. ಪುಲ್ಲುಮೇಡು ಇರಲಿ, ಚಿನ್ನಸ್ವಾಮಿ ಇರಲಿ, ಗೇಟು, ದಾರಿ, ಹೊತ್ತು, ಜನ, ಎಲ್ಲಕ್ಕೂ ಲೆಕ್ಕ ಇದೆ. ಆ ಲೆಕ್ಕ ಯಾರಾದರೂ ಕೇಳಬೇಕು. ಹಣೆಯಲ್ಲಿ ಬರೆದಿತ್ತು ಅಂದ ಕೂಡಲೇ ಕೇಳುವುದು ನಿಲ್ಲುತ್ತದೆ.

ಜೂನ್ ಕೊನೆಗೆ, ಅಣ್ಣನ ಮಗ ಬೆಳಗಾವಿಯಲ್ಲಿ ಓದಲು ಹೊರಡುವ ಮೊದಲು, ಲ್ಯಾಬ್ ಮುಚ್ಚುವ ಹೊತ್ತಿಗೆ ಬಂದ. ಸ್ಟೂಲ್ ಮೇಲೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ: "ಅತ್ತಿ, ನಾನೂ ಅಪ್ಪನಂಗ ಆಗತೀನೇನು?"

ಅವನಿಗೆ 19 ವರ್ಷ. ಏಳು ವರ್ಷದಿಂದ ಈ ಪ್ರಶ್ನೆ ಹೊತ್ತು ತಿರುಗಿದ್ದಾನೆ ಅಂತ ಅವತ್ತು ಗೊತ್ತಾಯಿತು. ಹಾಗೇನೂ ಆಗಲ್ಲ ಅಂತ ತಲೆ ಸವರಬಹುದಿತ್ತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಿಜವನ್ನೇ ಹೇಳಿದೆ. ನಿನಗೆ ಅಪಾಯ ಬೇರೆಯವರಿಗಿಂತ ಜಾಸ್ತಿ. ನಿನ್ನ ಮುತ್ತಜ್ಜ, ನಿನ್ನ ಅಪ್ಪ, ಇಬ್ಬರೂ ಹೋದದ್ದು ಹೀಗೆ. ಗೆಳೆಯರ ಜೊತೆ ಒಂದೇ ಒಂದು ಅನ್ನುವುದು ಅವರಿಗೆ ಒಂದಾಗಬಹುದು, ನಿನಗೆ ಆಗಲಿಕ್ಕಿಲ್ಲ. ಆದರೆ ಕುಡಿತದ ಮನೆಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಕುಡಿಯದೆ ಇದ್ದಾರೆ. ನಾನೂ ಅದೇ ಮನೆಯವಳು. ನಿನ್ನ ಮನಸ್ಸು ಗಟ್ಟಿ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಾ ಕೂರುವುದು ಬೇಡ. ನಿನ್ನ ಸಂಜೆಗಳನ್ನು ನೋಡಿಕೊಳ್ಳೋಣ.

ಇಬ್ಬರೂ ಕೂತು ಒಂದು ವ್ಯವಸ್ಥೆ ಮಾಡಿಕೊಂಡೆವು. ಹಾಸ್ಟೆಲ್‌ನಲ್ಲಿ ಶನಿವಾರ ರಾತ್ರಿ ಪಾರ್ಟಿ ಇರುತ್ತದಂತೆ. ಶನಿವಾರ ಸಂಜೆ ಆರಕ್ಕೆ ಅವನು ವಾಲಿಬಾಲ್ ಆಡಲು ಹೋಗುತ್ತಾನೆ, ಎಂಟಕ್ಕೆ ನನಗೆ ಫೋನ್ ಮಾಡುತ್ತಾನೆ. ಏನೂ ವಿಶೇಷ ಮಾತು ಬೇಡ, ಊಟಕ್ಕೆ ಏನಿತ್ತು ಅಂತ ಹೇಳಿದರೂ ಸಾಕು. ಒಮ್ಮೆ ಕುಡಿದರೆ ಅದನ್ನೂ ಹೇಳಬೇಕು, ನಾನು ಬೈಯುವುದಿಲ್ಲ. ಅವ್ವನಿಗೂ ಈ ವಿಷಯ ಹೇಳಿದೆ. ಅವಳು ಏನೂ ವಾದ ಮಾಡಲಿಲ್ಲ. ಶನಿವಾರ ಸಂಜೆ ತನ್ನ ದೀಪ ಹಚ್ಚಿ, ಬಂದು ನನ್ನ ಮೊಬೈಲ್ ಹತ್ತಿರ ಕೂರುತ್ತಾಳೆ.

ಹೋದ ವಾರ ಎಂಟಾಯಿತು, ಎಂಟೂವರೆ ಆಯಿತು, ಫೋನ್ ಬರಲಿಲ್ಲ. ನಾನು ಮಾಡಿದೆ, ಸ್ವಿಚ್ ಆಫ್. ಅವ್ವ ಎದ್ದು ದೀಪಕ್ಕೆ ಎಣ್ಣೆ ಹಾಕಿ ಬಂದಳು. ಒಂಬತ್ತೂ ಕಾಲಿಗೆ ಬಂತು. ಹಾಸ್ಟೆಲ್‌ನಲ್ಲಿ ಕರೆಂಟ್ ಹೋಗಿತ್ತಂತೆ, ಚಾರ್ಜ್ ಇರಲಿಲ್ಲವಂತೆ. ಊಟಕ್ಕೆ ಚಪಾತಿ, ಹೆಸರುಕಾಳು ಪಲ್ಯ.

ಇವತ್ತು ಮತ್ತೆ ಶನಿವಾರ. ಈಗ ಏಳೂ ನಲವತ್ತು. ಅವ್ವ ಬಂದು ಕೂತಿದ್ದಾಳೆ.